ನಾಟಕಕ್ಕೆ ಸಲಹೆ ಬೇಕು: ಸರ್ವಾಧಿಕಾರದ ಭಯ ತೋರಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂಡಕ್ಕೆ ಒಂದು ನಾಟಕ ಬರೆಯುತ್ತಿದ್ದೇನೆ. ಮುಂದೆಂದೋ ಬರುವ ನಿರಂಕುಶ ರಾಜ್ಯದ ಕಥೆ. ಬರೀ ಪೊಲೀಸರು, ಬಂದೂಕು, ಜೈಲು ತುಂಬಿದೆ. ಓದಿದವರು ‘ಭಯಾನೇ ಆಗಲ್ಲ’ ಅಂತಾರೆ. ಇಂಥ ಕಾದಂಬರಿ ಓದಿದವರು ಹೇಳಿ, ನಿಮ್ಮನ್ನು ನಿಜವಾಗಿ ಹೆದರಿಸಿದ್ದು ಯಾವುದು?

ಇಂಗ್ಲಿಷ್ ಪಾಠ ಮಾಡುವವರು: ಬಂದೂಕು ಬಿಡಿ, ರೇಷನ್ ಹಿಡಿಯಿರಿ. ಆರ್ವೆಲ್‌ನ ‘1984’ರಲ್ಲಿ ನನ್ನನ್ನು ಹೆದರಿಸಿದ್ದು ಚಿತ್ರಹಿಂಸೆ ಅಲ್ಲ, ಚಾಕೊಲೇಟಿನ ಸುದ್ದಿ. ರೇಷನ್ 30 ಗ್ರಾಂನಿಂದ 20ಕ್ಕೆ ಇಳಿಯುತ್ತೆ ಅಂತ ಮೊದಲು ಪ್ರಕಟಣೆ. ಮಾರನೇ ದಿನ ಅದೇ ಟೆಲಿಸ್ಕ್ರೀನ್ (ಸುದ್ದಿ ಹೇಳುತ್ತಲೇ ಜನರ ಮೇಲೆ ಕಣ್ಣಿಡುವ ಪರದೆ) ‘ರೇಷನ್ 20 ಗ್ರಾಂಗೆ ಏರಿದೆ, ಜನ ಮೆರವಣಿಗೆ ಮಾಡಿ ದೊಡ್ಡಣ್ಣನಿಗೆ (ಆಳುವ ಪಕ್ಷದ ನಾಯಕ, ‘ಬಿಗ್ ಬ್ರದರ್’) ಧನ್ಯವಾದ ಹೇಳಿದರು’ ಎನ್ನುತ್ತದೆ. ಕ್ಯಾಂಟೀನಿನಲ್ಲಿ ಕೂತವರು ನಂಬಿಬಿಡುತ್ತಾರೆ.

ಇವೆರಡರ ನಡುವೆ ಆಫೀಸಿನಲ್ಲಿ ಕಥಾನಾಯಕ ವಿನ್‌ಸ್ಟನ್ ಏನು ಮಾಡುತ್ತಾನೆ ನೋಡಿ. ‘ಈ ವರ್ಷ ರೇಷನ್ ಕಡಿಮೆ ಮಾಡಲ್ಲ’ ಅಂತ ಸರ್ಕಾರ ಕೊಟ್ಟಿದ್ದ ಮಾತನ್ನು ‘ಏಪ್ರಿಲ್‌ನಲ್ಲಿ ಕಡಿಮೆ ಮಾಡಬೇಕಾಗಬಹುದು’ ಎಂದು ತಿದ್ದುತ್ತಾನೆ. ಹಳೇ ಪೇಪರನ್ನೇ ಹೊಸದಾಗಿ ಅಚ್ಚು ಹಾಕಿ ಇಡುತ್ತಾರೆ. ಇನ್ನು ಯಾವ ಸಾಕ್ಷಿ ತೋರಿಸಿ ಜಗಳ ಆಡ್ತೀರಿ? ತಮಾಷೆ ಏನಂದ್ರೆ, ಪಕ್ಷವನ್ನು ದ್ವೇಷಿಸುವ ಈ ಮನುಷ್ಯನಿಗೆ ಬದುಕಿನಲ್ಲಿರುವ ದೊಡ್ಡ ಖುಷಿಯೇ ಈ ಕೆಲಸ. ನಿಮ್ಮ ನಾಟಕದ ಗುಮಾಸ್ತನಿಗೂ ಆ ಖುಷಿ ಕೊಡಿ, ಪಾತ್ರ ಎದ್ದು ನಿಲ್ಲುತ್ತೆ.

ನಾಟಕ ಆಡಿಸುವವರು: ಅದೇ ಕಾದಂಬರಿಯಲ್ಲಿ ನಾಯಕನ ನೆರೆಮನೆಯವನಾದ ಪಾರ್ಸನ್ಸ್‌ನನ್ನು ಮರೆಯಬೇಡಿ. ನಿದ್ದೆಯಲ್ಲಿ ದೊಡ್ಡಣ್ಣನ ವಿರುದ್ಧ ಕನವರಿಸುತ್ತಾನೆ. ಏಳು ವರ್ಷದ ಮಗಳು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಹಿಡಿದುಕೊಡುತ್ತಾಳೆ. ಲಾಕಪ್ಪಿನಲ್ಲಿ ಕೂತ ಅಪ್ಪನಿಗೆ ಮಗಳ ಬಗ್ಗೆ ಹೆಮ್ಮೆ! ನಾವು ರಿಹರ್ಸಲ್‌ನಲ್ಲಿ ಈ ಭಾಗ ಓದಿದಾಗ ಎಲ್ಲರೂ ನಕ್ಕರು. ಆ ನಗು ಬೇಕು ಸರ್, ಅಳಿಸಲು ಹೋಗಬೇಡಿ.

ಇನ್ನೊಬ್ಬರು: ನಾನು ಒಪ್ಪಲ್ಲ. ಹೆದರಿಸದೆಯೂ ಆಳಬಹುದು. ಹಕ್ಸ್‌ಲಿ 1932ರಲ್ಲೇ ಪ್ರಕಟಿಸಿದ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಬೇಜಾರಾದರೆ ಸೋಮಾ ಮಾತ್ರೆ, ಸರ್ಕಾರವೇ ಹಂಚುತ್ತೆ. ಹುಟ್ಟುವ ಮುಂಚೆಯೇ ಆಲ್ಫಾದಿಂದ ಎಪ್ಸಿಲಾನ್‌ವರೆಗೆ ದರ್ಜೆ ನಿಗದಿ. ಮಲಗಿದ ಮಕ್ಕಳ ಕಿವಿಗೆ ‘ನಮ್ಮ ದರ್ಜೆಯೇ ಚೆನ್ನ’ ಅಂತ ಪಾಠ. ಜಾತಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಕೊನೆಯಲ್ಲಿ ಭಾಷಣ ಜಾಸ್ತಿ, ಅದನ್ನು ಮಾತ್ರ ಅನುಕರಿಸಬೇಡಿ.

ಬ್ಯಾಂಕಿನಲ್ಲಿರುವವರು: ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಓದಿ. ನಾಯಕಿ ಸಿಗರೇಟು ಕೊಳ್ಳಲು ಅಂಗಡಿಗೆ ಹೋಗುತ್ತಾಳೆ, ಅವಳ ಖಾತೆಯ ನಂಬರ್ ನಡೆಯುವುದಿಲ್ಲ. ಅವತ್ತೇ ಆಫೀಸಿನಿಂದ ಹೆಂಗಸರೆಲ್ಲ ಹೊರಗೆ. ಹೆಂಗಸರ ದುಡ್ಡೆಲ್ಲ ಇನ್ನು ಗಂಡನದ್ದೋ ಹತ್ತಿರದ ಗಂಡಸು ನೆಂಟನದ್ದೋ. ಗಂಡ ಒಳ್ಳೆಯವನೇ, ‘ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಾನೆ. ಇವನಿಗೆ ಇದರಿಂದ ಅಂಥ ಬೇಜಾರೇನೂ ಆಗಿಲ್ಲವಲ್ಲ ಅಂತ ಅವಳಿಗೆ ಅನ್ನಿಸುತ್ತದೆ. ನನಗೆ ಅಲ್ಲಿ ಪುಸ್ತಕ ಮುಚ್ಚಿಡಬೇಕು ಅನ್ನಿಸಿತ್ತು. ನಿಮ್ಮ ನಾಟಕದಲ್ಲಿ ಅಂಗಡಿಯ ಮುಂದೆ ಯುಪಿಐ ಫೇಲ್ ಆಗಲಿ ಸಾಕು, ಪೊಲೀಸ್ ಬೇಡವೇ ಬೇಡ.

ಮತ್ತೊಬ್ಬರು: ಸೆಟ್‌ಗೆ ದುಡ್ಡಿಲ್ಲದಿದ್ದರೆ ಜಮ್ಯಾತಿನ್‌ನ ‘ವಿ’ ನೋಡಿ. ರಷ್ಯಾದವನು, ಬರೆದದ್ದು 1920ರ ಹೊತ್ತಿಗೆ, ಅವನ ದೇಶದಲ್ಲಿ ಅಚ್ಚಾಗಿದ್ದು 1988ರಲ್ಲಿ! ಅಲ್ಲಿ ಮನೆಗಳೆಲ್ಲ ಗಾಜಿನವು, ಜನರಿಗೆ ಹೆಸರಿಲ್ಲ, ನಂಬರ್ ಮಾತ್ರ. ಪರದೆ ಇಳಿಸಲು ಗುಲಾಬಿ ಬಣ್ಣದ ಚೀಟಿ ಬೇಕು. ಬರೀ ವೇದಿಕೆ, ಒಂದು ಪರದೆ, ಒಂದು ಚೀಟಿ. ಖರ್ಚೂ ಕಡಿಮೆ.