ಸೂರ್ಯನ ಒಂದು ಸುತ್ತಿಗೆ 25 ದಿನವಾ, 27 ದಿನವಾ?

ಹಗಲುಗನಸು:
ಟೆಲಿಸ್ಕೋಪಿನಿಂದ ಬಿಳಿ ಹಾಳೆ ಮೇಲೆ ಸೂರ್ಯನ ಬಿಂಬ ಬೀಳಿಸಿ, ಒಂದು ದೊಡ್ಡ ಕಲೆ ದಿನಾ ಎಷ್ಟು ಸರಿಯುತ್ತೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೇನೆ. ಲೆಕ್ಕ 27 ದಿನದ ಹತ್ತಿರ ಬರುತ್ತಿದೆ. ಪುಸ್ತಕದಲ್ಲಿ 25, ಇನ್ನೊಂದು ಕಡೆ 35! ಯಾವುದನ್ನು ನಂಬೋದು? ಕಲೆಯ ಹಂಗಿಲ್ಲದೆ ಮೇಲ್ಮೈ ವೇಗವನ್ನೇ ಅಳೆಯಲು ಆಗುತ್ತಾ?

ಬಿಸಿಲುಗುದುರೆ:
ನಿಮ್ಮ 27 ಸರಿಯಾಗಿಯೇ ಇದೆ. ಭೂಮಿಯೂ ಅದೇ ದಿಕ್ಕಿಗೆ ಸೂರ್ಯನ ಸುತ್ತ ಹೋಗುತ್ತಿದೆಯಲ್ವಾ, ಕಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ನಾವು ಮುಂದೆ ಹೋಗಿರುತ್ತೇವೆ, ಅದು ಮತ್ತೆ ನಮ್ಮ ಎದುರಿಗೆ ಬರಲು ಸುಮಾರು ಎರಡು ದಿನ ಜಾಸ್ತಿ ಬೇಕು. 27ನ್ನು 365.25ರಿಂದ ಗುಣಿಸಿ 392.25ರಿಂದ ಭಾಗಿಸಿ, 25.1 ಬರುತ್ತೆ. 35 ಅನ್ನೋದು ಧ್ರುವದ ಹತ್ತಿರದ ಲೆಕ್ಕ. ಸೂರ್ಯ ಗಟ್ಟಿ ಚೆಂಡಲ್ಲ, ನಡುವೆ, ಅಂದರೆ ಸಮಭಾಜಕದ ಹತ್ತಿರ, ಬೇಗ ತಿರುಗುತ್ತದೆ, ಧ್ರುವದ ಕಡೆ ನಿಧಾನ. 1850ರ ದಶಕದಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಕ್ಯಾರಿಂಗ್ಟನ್ ವರ್ಷಗಟ್ಟಲೆ ಕಲೆಗಳ ಬೆನ್ನು ಹತ್ತಿ, ಸಮಭಾಜಕದಿಂದ ದೂರ ಹೋದಷ್ಟೂ ಅವು ನಿಧಾನ ಅಂತ ತೋರಿಸಿದರು.

ಒಂದು ಮಾತು, ಸ್ಕೇಲಿನ ಮಿಲಿಮೀಟರನ್ನು ಹಾಗೇ ಬಳಸಬೇಡಿ. ಅಂಚಿನ ಹತ್ತಿರ ಕಲೆ ಓರೆಯಾಗಿ ಕಾಣೋದರಿಂದ ಕಡಿಮೆ ಸರಿದಂತಿರುತ್ತದೆ. ಬಿಂಬದ ತ್ರಿಜ್ಯ 80 ಮಿ.ಮೀ., ಸಮಭಾಜಕದ ಹತ್ತಿರದ ಕಲೆ ನಡುಗೆರೆಯಿಂದ 40 ಮಿ.ಮೀ. ದೂರ ಇದ್ದರೆ, ಸೈನ್ ಬೆಲೆ 0.5, ಅಂದರೆ 30 ಡಿಗ್ರಿ. ಈ ಡಿಗ್ರಿಯನ್ನು ದಿನದಿನಕ್ಕೂ ಹೋಲಿಸಿ.

ಏಳುಬಣ್ಣ:
ಕಲೆ ನಂಬಿಕೊಂಡರೆ ಧ್ರುವದ ವಿಷಯ ಗೊತ್ತಾಗಲ್ಲ. ಅವು ಹೆಚ್ಚಾಗಿ ಸಮಭಾಜಕದಿಂದ 40 ಡಿಗ್ರಿಯೊಳಗೇ ಹುಟ್ಟುತ್ತವೆ. ಅಲ್ಲಿಗೆ ಡಾಪ್ಲರ್ ವಿಧಾನವೇ ಬೇಕು, ಅಂದರೆ ಬೆಳಕು ಕೊಡುವ ವಸ್ತು ಹತ್ತಿರ ಬಂದಾಗ ಅಥವಾ ದೂರ ಹೋದಾಗ ಅದರ ಬೆಳಕಿನ ತರಂಗಾಂತರ ಎಷ್ಟು ಬದಲಾಗುತ್ತೆ ಅಂತ ಅಳೆಯೋದು. ಪೂರ್ವದ ಅಂಚು ನಮ್ಮ ಕಡೆ ಬರುತ್ತಿರುತ್ತೆ, ಪಶ್ಚಿಮದ ಅಂಚು ದೂರ ಹೋಗುತ್ತಿರುತ್ತೆ. ಎರಡೂ ಕಡೆಯ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿ) ತೆಗೆದು ಒಂದರ ಕೆಳಗೊಂದು ಇಡಿ. 6302 ಆಂಗ್‌ಸ್ಟ್ರಾಮ್ (ತರಂಗಾಂತರ ಅಳೆಯುವ ಚಿಕ್ಕ ಮಾನ) ಹತ್ತಿರ ಸೂರ್ಯನ ಕಬ್ಬಿಣ ಬೆಳಕು ಹೀರಿ ಮೂಡಿಸಿದ ಕಪ್ಪು ಗೆರೆಗಳಿವೆ, ಅವುಗಳ ಪಕ್ಕದಲ್ಲೇ ನಮ್ಮ ಗಾಳಿಯ ಆಮ್ಲಜನಕದ ಎರಡು ಗೆರೆಗಳಿವೆ. ಕಬ್ಬಿಣದ್ದು ಸರಿಯುತ್ತದೆ, ಆಮ್ಲಜನಕದ್ದು ಜಪ್ಪಯ್ಯ ಅಂದರೂ ಕದಲಲ್ಲ! ಪುಕ್ಕಟೆ ಅಳತೆಗೋಲು. ಸಮಭಾಜಕದಲ್ಲಿ ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ., ಎರಡು ಅಂಚುಗಳ ನಡುವೆ ಗೆರೆ ಸರಿಯೋದು ಬರೀ 0.08 ಆಂಗ್‌ಸ್ಟ್ರಾಮ್. ಹಾಗಾಗಿ ಸಿ.ಡಿ. ತುಂಡಿನಲ್ಲಿ ಮಾಡಿದ ಸ್ಪೆಕ್ಟ್ರೋಸ್ಕೋಪ್ ಸಾಲದು.

ಹಗಲುಗನಸು:
ಎರಡೂ ವಿಧಾನದಲ್ಲಿ ಒಂದೇ ಉತ್ತರ ಬರುತ್ತಾ?

ಏಳುಬಣ್ಣ:
ಪೂರ್ತಿ ಇಲ್ಲ. ಮೇಲ್ಮೈ ಅನಿಲಕ್ಕಿಂತ ಕಲೆಗಳು ಒಂಚೂರು ಬೇಗ ತಿರುಗುತ್ತವೆ. ಅವುಗಳ ಕಾಂತಕ್ಷೇತ್ರದ ಬೇರು ಒಳಗೆ, ಜೋರಾಗಿ ತಿರುಗುವ ಪದರದಲ್ಲಿದೆ ಅನ್ನೋದು ಸಾಮಾನ್ಯವಾಗಿ ಕೊಡುವ ವಿವರಣೆ.

ಬಿಸಿಲುಗುದುರೆ:
ಮೋಡ ಕವಿದ ದಿನಗಳಿಗೆ ಕೊಡೈಕೆನಾಲ್ ವೀಕ್ಷಣಾಲಯದ ಹಳೇ ಫೋಟೊ ನೋಡಿ, 1904ರಿಂದ ಇವೆ. ಅದನ್ನು ನಡೆಸೋದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಫೋಟೊಗಳನ್ನು ಡಿಜಿಟಲ್ ಕೂಡ ಮಾಡಿದ್ದಾರೆ. ಮತ್ತೆ, ಬಿಂಬ ಬೀಳಿಸುವಾಗ ಫೈಂಡರಿಗೆ (ಟೆಲಿಸ್ಕೋಪಿನ ಪಕ್ಕದ ಗುರಿ ಹಿಡಿಯುವ ಪುಟ್ಟ ದುರ್ಬೀನಿಗೆ) ಮುಚ್ಚಳ ಹಾಕಿಯೇ ಇಡಿ, ಮಕ್ಕಳು ಸುಮ್ನೆ ಬಂದು ಕಣ್ಣಿಟ್ಟುಬಿಡುತ್ತವೆ.