ಗ್ಲಾಕೋಮಾದಿಂದ ದೃಷ್ಟಿ ಕುಂದಿರುವ ಮಾವನವರಿಗೆ ಕನ್ನಡ ಓದಿ ಹೇಳುವ ಮೊಬೈಲ್: ಕಾಸರಗೋಡು ಕಡೆಯವರ ಅನುಭವ ತಿಳಿಸಿ

ಪ್ರಶ್ನೆ
ಬರೆದವರು: ಎಣ್ಮಕಜೆಯ ಓದುಗಳು

ನಮಸ್ಕಾರ. ನಮ್ಮ ಮನೆ ಪೆರ್ಲದಿಂದ ಸ್ವಲ್ಪ ಒಳಗೆ. ನನ್ನ ಮಾವನವರಿಗೆ ಈಗ 71 ವರ್ಷ. ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 30 ವರ್ಷ ಪಾಠ ಹೇಳಿ ನಿವೃತ್ತರಾದವರು. ಬೆಳಿಗ್ಗೆ ಪತ್ರಿಕೆ, ಸಂಜೆ ಯಕ್ಷಗಾನ ಪ್ರಸಂಗದ ಪುಸ್ತಕ, ಇವೆರಡೂ ಇಲ್ಲದೆ ಅವರ ಒಂದು ದಿನ ಕಳೆದದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ. ಗ್ಲಾಕೋಮಾ ಇರುವುದು ತಡವಾಗಿ ತಿಳಿಯಿತು. ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಹನಿಮದ್ದಿನಿಂದ ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ.

ಯಜಮಾನರು ಅವರಿಗೆಂದು ದೊಡ್ಡ ಪರದೆಯ ಆಂಡ್ರಾಯ್ಡ್ ಫೋನ್ ತಂದು, ಅಕ್ಷರಗಳನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿ ಕೊಟ್ಟರು. ವಾರದೊಳಗೆ ಮಾವ ಅದನ್ನು ಕಪಾಟಿನಲ್ಲಿಟ್ಟರು. ಅಕ್ಷರ ದೊಡ್ಡದಾದ ಮೇಲೆ ಓದುವುದು ಇನ್ನೂ ಕಷ್ಟವಾಯಿತು ಎಂದು ಅವರು ಹೇಳಿದ್ದು ನಮಗೆ ಅರ್ಥವಾಗಲಿಲ್ಲ. ಮಗಳು ಪತ್ರಿಕೆ ಓದಿ ಹೇಳುತ್ತಾಳೆ, ಆದರೆ ಮಗುವಿನ ಓದಿನ ಸಮಯ ತನಗಾಗಿ ವ್ಯರ್ಥವಾಗಬಾರದು ಎಂದು ಎರಡು ಸುದ್ದಿಗೇ ಸಾಕು ಎನ್ನುತ್ತಾರೆ. ಫೋನಿಗೆ ಬರುವ ಸಂದೇಶಗಳಲ್ಲಿ ಅರ್ಧ ಮಲಯಾಳದಲ್ಲಿರುತ್ತವೆ. ಕಳೆದ ತಿಂಗಳು ಅಂಗಡಿಯಲ್ಲಿ 200ರ ನೋಟೆಂದು 500ರ ನೋಟು ಕೊಟ್ಟು ಬಂದರು. ಹನಿಮದ್ದಿನ ಎರಡು ಬಾಟಲಿಗಳು ಒಂದೇ ಗಾತ್ರದವಾದ್ದರಿಂದ ಯಾವುದು ಯಾವುದೆಂದು ಪ್ರತಿ ರಾತ್ರಿ ನನ್ನನ್ನು ಕೇಳಬೇಕಾಗಿದೆ. ಹೀಗೆ ಕೇಳುವುದು ಅವರಿಗೆ ಎಷ್ಟು ನೋವು ಕೊಡುತ್ತದೆ ಎಂಬುದು ಅವರ ದನಿಯಲ್ಲೇ ತಿಳಿಯುತ್ತದೆ.

ಕನ್ನಡವನ್ನು ಸರಿಯಾಗಿ ಓದಿ ಹೇಳುವ ವ್ಯವಸ್ಥೆ ಯಾವುದು? ಈ ವಯಸ್ಸಿನಲ್ಲಿ ಕಲಿಯಲು ಸಾಧ್ಯವೇ? ಬಳಸಿ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1
ಬರೆದವರು: ಬದಿಯಡ್ಕದ ಮೇಷ್ಟ್ರು

ನಮಸ್ಕಾರ. ನಾನು ಹುಟ್ಟಿನಿಂದಲೇ ಕಣ್ಣು ಕಾಣದವನು. ವಿದ್ಯಾನಗರದ ಸರಕಾರಿ ಅಂಧರ ಶಾಲೆಯಲ್ಲಿ ಉಬ್ಬುಚುಕ್ಕಿಗಳನ್ನು ಬೆರಳಿನಿಂದ ಓದುವ ಬ್ರೈಲ್ ಲಿಪಿ ಕಲಿತು, ಈಗ ಬದಿಯಡ್ಕದ ಸಮೀಪ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಿಮ್ಮ ಮಾವನವರ ಮಾತು ಪೂರ್ತಿ ಸರಿಯಾಗಿದೆ. ಅದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ.

ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೆ ಉಳಿಯುತ್ತದೆ. ಕೊಳವೆಯೊಂದರಿಂದ ನೋಡಿದ ಹಾಗೆ ಕಾಣುತ್ತದೆ ಎಂದು ಆ ಕಾಯಿಲೆಯವರು ಹೇಳುವುದನ್ನು ಕೇಳಿದ್ದೇನೆ. ಅಂಥ ಕಣ್ಣಿಗೆ ಅಕ್ಷರವನ್ನು ಹಿಗ್ಗಿಸಿದಷ್ಟೂ ಆ ಕಿರಿದಾದ ವೃತ್ತದೊಳಗೆ ಹಿಡಿಯುವ ಅಕ್ಷರಗಳು ಕಡಿಮೆಯಾಗುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ‘ಸ್ವಾತಂತ್ರ್ಯ’ದಂಥ ಪದವೊಂದನ್ನು ಮೂರು ನಾಲ್ಕು ತುಂಡಾಗಿ ನೋಡಿ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕಾಗುತ್ತದೆ. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಯವರಿಗಾದರೆ ನಡುವೆ ಮಸುಕಾಗಿ ಅಂಚು ಉಳಿದಿರುತ್ತದೆ, ಅವರಿಗೆ ದೊಡ್ಡ ಅಕ್ಷರ ನಿಜವಾಗಿ ಸಹಾಯಕ. ಆದ್ದರಿಂದ ದೃಷ್ಟಿ ಕಡಿಮೆಯಾದವರೆಲ್ಲರಿಗೂ ಒಂದೇ ಉಪಾಯ ಸಲ್ಲದು. ನಿಮ್ಮ ಮಾವನವರ ಫೋನಿನಲ್ಲಿ ಅಕ್ಷರದ ಗಾತ್ರವನ್ನು ಮಧ್ಯಮಕ್ಕೆ ಇಳಿಸಿ, ದಪ್ಪ ಅಕ್ಷರ ಆರಿಸಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕಾಣುವಂತೆ ಬಣ್ಣಗಳನ್ನು ಅದಲುಬದಲು ಮಾಡಿ ನೋಡಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಇವೆಲ್ಲ ಇವೆ. ಗಾತ್ರ ಯಾವುದು ಹಿತ ಎಂಬುದನ್ನು ನೀವು ನಿಶ್ಚಯಿಸದೆ ಅವರನ್ನೇ ಕೇಳಿ.

ಇನ್ನು ಓದಿ ಹೇಳುವ ವ್ಯವಸ್ಥೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, 2009ರಿಂದಲೂ ಇದೆ, ಗೂಗಲ್‌ನ ಧ್ವನಿ ಸೇವೆಯಲ್ಲಿ ಕನ್ನಡ ದನಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಉಳಿದ ದೃಷ್ಟಿಯನ್ನು ಇನ್ನೂ ಬಳಸುತ್ತಿರುವವರಿಗೆ ಮೊದಲ ದಿನವೇ ಟಾಕ್‌ಬ್ಯಾಕ್ ಹಾಕಿಕೊಡುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಚಾಲೂ ಮಾಡಿದ ಕ್ಷಣದಿಂದ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಹೇಳಿಕೊಡುವವರಿಲ್ಲದೆ ಇದನ್ನು ಎದುರಿಸಿದ ಹಿರಿಯರು ಫೋನು ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಬದಲಾಗಿ ‘ಸೆಲೆಕ್ಟ್ ಟು ಸ್ಪೀಕ್’ ಎಂಬುದನ್ನು ಮೊದಲು ಕೊಡಿ. ಬೇಕಾದಾಗ ಗುಂಡಿ ಒತ್ತಿ, ಬೇಕಾದ ಸುದ್ದಿಯ ಮೇಲೆ ಬೆರಳಿಟ್ಟರೆ ಅಷ್ಟನ್ನೇ ಓದುತ್ತದೆ, ಉಳಿದ ಫೋನು ಎಂದಿನಂತೆಯೇ ಇರುತ್ತದೆ. ಅದು ರೂಢಿಯಾದ ಮೇಲೆ ಟಾಕ್‌ಬ್ಯಾಕ್ ಕಲಿಸಬಹುದು. ದನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದು ಅದನ್ನು ಚಾಲೂ ಮಾಡುವಂತೆಯೂ ನಿಲ್ಲಿಸುವಂತೆಯೂ ಹೊಂದಿಸಿಡಿ. ನಿಲ್ಲಿಸುವ ದಾರಿ ತಿಳಿದಿದ್ದರೆ ಕಲಿಯುವ ಭಯ ಅರ್ಧ ಕಡಿಮೆಯಾಗುತ್ತದೆ. ಒಂದು ವಾರಕ್ಕೆ ಒಂದೇ ಕೆಲಸ ಕಲಿಸಿ, ಅದು ಅವರಿಗೆ ನಿಜವಾಗಿ ಬೇಕಾದ ಕೆಲಸವೇ ಆಗಿರಲಿ. ಕಲಿಸುವಾಗ ಫೋನು ಅವರ ಕೈಯಲ್ಲೇ ಇರಲಿ. ಕಸಿದುಕೊಂಡು ನಾವೇ ಮಾಡಿ ತೋರಿಸಿದ್ದು ಅವರ ಬೆರಳಿಗೆ ಎಂದೂ ಹತ್ತುವುದಿಲ್ಲ.

ಮಲಯಾಳದ ವಿಚಾರ ನಮ್ಮ ಜಿಲ್ಲೆಯವರಿಗೇ ವಿಶೇಷವಾದ ತೊಂದರೆ. ಬ್ರೈಲ್‌ನಲ್ಲಿ ನನಗೆ ಈ ತೊಡಕು ಇರಲಿಲ್ಲ. ಭಾರತದ ಭಾಷೆಗಳಿಗೆಲ್ಲ ಸಮಾನವಾಗಿ 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಕಾರಕ್ಕೂ ಮಲಯಾಳದ ‘ಕ’ಕಾರಕ್ಕೂ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ. ಬಾಲ್ಯದಲ್ಲಿ ಎರಡು ಭಾಷೆಗಳನ್ನೂ ಒಂದೇ ಬೆರಳಿನಿಂದ ಓದಿದ ಸಂತೋಷ ನನಗೆ ಇಂದಿಗೂ ನೆನಪಿದೆ. ಯಂತ್ರದ ದನಿಗೆ ಆ ಅನುಕೂಲವಿಲ್ಲ. ನನ್ನ ಫೋನಿನಲ್ಲಿ ಕನ್ನಡ ದನಿ ಇಟ್ಟಿದ್ದಾಗ ಮಲಯಾಳ ಅಕ್ಷರ ಬಂದರೆ ಅದು ಸುಮ್ಮನಾಗುತ್ತದೆ, ಸಂದೇಶ ಬಂದಿದ್ದರೂ ಖಾಲಿ ಎಂದೇ ಭಾಸವಾಗುತ್ತದೆ. ಎರಡೂ ದನಿಗಳನ್ನು ಇಳಿಸಿಕೊಂಡು, ಟಾಕ್‌ಬ್ಯಾಕ್‌ನ ಓದುವ ನಿಯಂತ್ರಣಗಳಲ್ಲಿ ಮಾತಿನ ಭಾಷೆಯನ್ನು ಬದಲಿಸಿಕೊಳ್ಳುವುದು ನಾನು ಮಾಡುವ ಕ್ರಮ. ಮಾವನವರಿಗೆ ಮಲಯಾಳ ಕೇಳಿದರೆ ಅರ್ಥವಾಗುವುದಾದರೆ ಅಷ್ಟು ಸಾಕು. ಆಗದಿದ್ದರೆ ಸಂದೇಶವನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಕನ್ನಡದಲ್ಲಿ ಕೇಳಬಹುದು. ಅನುವಾದ ಒರಟಾಗಿದ್ದರೂ ವಿದ್ಯುತ್ ಯಾವಾಗ ಇರುವುದಿಲ್ಲ ಎಂಬಷ್ಟು ತಿಳಿಯುತ್ತದೆ.

ಬ್ಯಾಂಕಿನ ಕೆಲಸವನ್ನು ಮಾತ್ರ ಈಗಲೇ ಫೋನಿಗೆ ತರಬೇಡಿ. ಬ್ಯಾಂಕೊಂದರ ಆ್ಯಪ್‌ನಲ್ಲಿ ಗುರುತು ದೃಢಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂದು ಕೇಳಿ, ಮೂರು ಬಾರಿ ನನ್ನ ಅರ್ಜಿ ತಿರಸ್ಕೃತವಾಯಿತು. ಅಂಧರಿಗೂ ಆ್ಯಸಿಡ್ ದಾಳಿಯಿಂದ ಮುಖ ಗಾಯಗೊಂಡವರಿಗೂ ಆಗುತ್ತಿದ್ದ ಇದೇ ಅನ್ಯಾಯದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಕಣ್ಣು ಮಿಟುಕಿಸದೆಯೂ ಗುರುತು ಒಪ್ಪುವ ಬೇರೆ ದಾರಿ ಇರಬೇಕೆಂದು ನಿರ್ದೇಶಿಸಿದೆ. ಬ್ಯಾಂಕಿನವರು ನಿರಾಕರಿಸಿದರೆ ಈ ತೀರ್ಪನ್ನು ಉಲ್ಲೇಖಿಸಿ ಲಿಖಿತವಾಗಿ ಕೇಳಿ.

ಉತ್ತರ 2
ಬರೆದವರು: ಮುಳ್ಳೇರಿಯ ಡಿಟಿಪಿ

ನಾನು ಆಮಂತ್ರಣ ಪತ್ರಿಕೆ, ಸ್ಮರಣಸಂಚಿಕೆಗಳ ಅಕ್ಷರ ಜೋಡಿಸುವವನು. ಮೇಷ್ಟ್ರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸಬೇಕಾಗಿದೆ. ಎಷ್ಟೇ ಒಳ್ಳೆಯ ಫೋನು ಕೊಂಡರೂ ಕನ್ನಡದ ಎಷ್ಟೋ ಪಿಡಿಎಫ್‌ಗಳನ್ನು ಅದು ಓದುವುದಿಲ್ಲ, ಅದರಲ್ಲಿ ಫೋನಿನ ತಪ್ಪಿಲ್ಲ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ‘ಕನ್ನಡ’ ಎಂದು ನಾವು ಜೋಡಿಸಿದ ಪದವನ್ನು ಸ್ಕ್ರೀನ್ ರೀಡರ್ ‘ಪಿ’ ಎಂದು ಆರಂಭಿಸಿ ನಡುವೆ ಪೌಂಡ್ ಹಣದ ಚಿಹ್ನೆಯನ್ನೂ ಸೇರಿಸಿ ಓದುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಬರೆದದ್ದನ್ನು ಮಾತ್ರ ಅದು ಕನ್ನಡವೆಂದು ಅರಿಯುತ್ತದೆ.

ಇದನ್ನು ನಾನು ತಿಳಿದದ್ದು ದೃಷ್ಟಿಯಿಲ್ಲದ ಗ್ರಾಹಕರೊಬ್ಬರು ತಮ್ಮದೇ ಲೇಖನವಿದ್ದ ಸಂಚಿಕೆಯನ್ನು ಓದಲಾಗಲಿಲ್ಲ ಎಂದು ನನ್ನ ಅಂಗಡಿಗೆ ಬಂದು ಹೇಳಿದ ಮೇಲೆ. ಅಂದಿನಿಂದ ಎಲ್ಲವನ್ನೂ ಯೂನಿಕೋಡ್‌ನಲ್ಲೇ ಜೋಡಿಸುತ್ತಿದ್ದೇನೆ. ನುಡಿ, ಬರಹಗಳ ಹೊಸ ಆವೃತ್ತಿಗಳಲ್ಲಿ ಅದಕ್ಕೆ ಅನುಕೂಲವಿದೆ, ಹಳೆಯ ಕಡತಗಳನ್ನು ಬದಲಿಸುವ ಉಚಿತ ಪರಿವರ್ತಕಗಳೂ ಅಂತರ್ಜಾಲದಲ್ಲಿವೆ. ಸಂಘ, ದೇವಸ್ಥಾನ, ಶಾಲೆಗಳ ವಾಟ್ಸ್‌ಆ್ಯಪ್ ಗುಂಪು ನಡೆಸುವವರಲ್ಲಿ ನನ್ನ ವಿನಂತಿ: ಪ್ರಕಟಣೆಯ ಚಿತ್ರದ ಜೊತೆ ಅದೇ ಮಾತನ್ನು ಅಕ್ಷರದಲ್ಲೂ ಟೈಪ್ ಮಾಡಿ ಕಳುಹಿಸಿ. ಚಿತ್ರವಷ್ಟೇ ಬಂದರೆ ಈ ಮಾವನವರ ಫೋನು ‘ಫೋಟೋ’ ಎಂದು ಹೇಳಿ ಮುಂದೆ ಹೋಗುತ್ತದೆ, ಬಯಲಾಟ ಎಲ್ಲಿ ಎಂಬುದು ಅವರಿಗೆ ತಿಳಿಯದೇ ಹೋಗುತ್ತದೆ.

ಪ್ರಸಂಗದ ಪುಸ್ತಕಗಳ ಮಟ್ಟಿಗೆ, ಪುಟಗಳನ್ನು ಬೆಳಕಿನಲ್ಲಿ ನೇರವಾಗಿ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಅಕ್ಷರಗಳು ಬರುತ್ತವೆ. ಹಳೆಯ ಅಚ್ಚಿನಲ್ಲಿ ‘ಥ’ ಮತ್ತು ‘ಧ’, ‘ಪ’ ಮತ್ತು ‘ವ’ ಅದಲುಬದಲಾಗುವುದುಂಟು, ಪದ್ಯದ ಸಾಲುಗಳೂ ಕೂಡಿಹೋಗುತ್ತವೆ. ಕಣ್ಣು ಕಾಣುವವರೊಬ್ಬರು ತಿದ್ದಲೇಬೇಕು.

ಉತ್ತರ 3
ಬರೆದವರು: ಕುಂಬಳೆಯಿಂದ

ಅಕ್ಕಾ, ನನಗೂ ದೃಷ್ಟಿ ಕಡಿಮೆ, ರಾತ್ರಿ ಏನೂ ಕಾಣುವುದಿಲ್ಲ. ಫೋನಿನ ಬಗ್ಗೆ ತಿಳಿದವರು ಬರೆದಿದ್ದಾರೆ, ನಾನು ಮನೆಯ ಮಾತು ಬರೆಯುತ್ತೇನೆ.

ಹನಿಮದ್ದಿನ ಬಾಟಲಿಗೆ ಇವತ್ತೇ ರಬ್ಬರ್ ಬ್ಯಾಂಡ್ ಸುತ್ತಿ: ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಹೊಸ ಬಾಟಲಿ ತೆರೆದ ದಿನವೇ ಹಳೆಯದರ ಬ್ಯಾಂಡನ್ನು ಹೊಸದಕ್ಕೆ ಸರಿಸಬೇಕು, ಇದನ್ನು ಮರೆಯಬಾರದು. ಮಿಕ್ಸಿ, ಗ್ಯಾಸ್ ಒಲೆಗಳ ತಿರುಗುಣಿಯಲ್ಲಿ ಆಫ್ ಇರುವ ಕಡೆ ಎಂ-ಸೀಲ್‌ನಿಂದ ಸಾಸಿವೆ ಗಾತ್ರದ ಉಬ್ಬು ಮಾಡಿಟ್ಟುಕೊಂಡಿದ್ದೇನೆ. ಮುಂದೆ ಯಾವ ಉಪಕರಣ ಕೊಳ್ಳುವುದಾದರೂ ನುಣುಪಾದ ಗಾಜಿನ ಮೇಲೆ ಮುಟ್ಟಿ ನಡೆಸುವಂಥದ್ದನ್ನು ಬಿಟ್ಟು, ತಿರುಗಿಸುವ ಅಥವಾ ಒತ್ತುವ ಗುಂಡಿ ಇರುವುದನ್ನೇ ಆರಿಸಿ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ನಮಗೆ ಕಾಣುವುದಿಲ್ಲ; ಮಾವನವರಿಗೆ ಬಾಳೆಯೆಲೆ ಅಥವಾ ಗಾಢ ಬಣ್ಣದ ತಟ್ಟೆಯಲ್ಲಿ ಬಡಿಸಿ ನೋಡಿ.

ನೋಟುಗಳಿಗೆ ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಹೊರತಂದ ‘ಮಣಿ’ ಎಂಬ ಆ್ಯಪ್ ಇದೆ. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಮೌಲ್ಯ ಹೇಳುತ್ತದೆ, ಮಡಿಸಿದ ನೋಟನ್ನೂ ಗುರುತಿಸುತ್ತದೆ, ಇಂಟರ್‌ನೆಟ್ ಬೇಡ. ಆದರೆ ನೋಟು ಅಸಲಿಯೋ ನಕಲಿಯೋ ಎಂದು ಅದು ಹೇಳುವುದಿಲ್ಲ. ಅಂಗಡಿಯ ಮುಂದೆ ನಿಂತು ಫೋನ್ ತೆಗೆಯುವುದು ನನಗೆ ಹಿತವಾಗುವುದಿಲ್ಲ, ಆದ್ದರಿಂದ ಮನೆಯಲ್ಲೇ ಗುರುತಿಸಿ ಮಡಿಸಿಡುತ್ತೇನೆ: 100 ಮಡಿಸದೆ, 200 ಅಡ್ಡಕ್ಕೆ ಅರ್ಧ, 500 ಉದ್ದಕ್ಕೆ ಅರ್ಧ. ಹೊಸ ನೋಟಾದರೆ ಎರಡೂ ಅಂಚಿನ ಉಬ್ಬುಗೆರೆಗಳು ಬೆರಳಿಗೆ ಸಿಗುತ್ತವೆ. 100ಕ್ಕೆ ನಾಲ್ಕು, 200ಕ್ಕೆ ನಾಲ್ಕರ ನಡುವೆ ಎರಡು ವೃತ್ತ, 500ಕ್ಕೆ ಐದು. ನೋಟು ಸವೆದ ಮೇಲೆ ಇವು ಸಿಗುವುದಿಲ್ಲ. ಉದ್ದದಲ್ಲಿಯೂ ಈಗಿನ ವಿನ್ಯಾಸದ 100ಕ್ಕೆ 142, 200ಕ್ಕೆ 146, 500ಕ್ಕೆ 150 ಮಿಲಿಮೀಟರ್, ಅಂದರೆ ನಾಲ್ಕು ನಾಲ್ಕು ಮಿಲಿಮೀಟರ್ ಮಾತ್ರ ಅಂತರ. ಮಾವನವರ ಕೈಯಲ್ಲಿ 200 ಮತ್ತು 500 ತಪ್ಪಿಹೋದದ್ದು ಅವರ ಅಜಾಗರೂಕತೆಯಲ್ಲ ಎಂದು ದಯವಿಟ್ಟು ಅವರಿಗೆ ತಿಳಿಸಿ. ರಟ್ಟಿನ ತುಂಡೊಂದನ್ನು 146 ಮಿಲಿಮೀಟರ್‌ಗೆ ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡರೆ 200 ಮತ್ತು 500ರ ನೋಟುಗಳಲ್ಲಿ ಅದಕ್ಕಿಂತ ಉದ್ದವಾದದ್ದು 500 ಎಂದು ತಿಳಿಯಬಹುದು.

ಎಣ್ಮಕಜೆಯ ಓದುಗಳು ಮತ್ತೆ ಬರೆದದ್ದು, ನಾಲ್ಕು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ರಬ್ಬರ್ ಬ್ಯಾಂಡ್ ಮತ್ತು ರಟ್ಟಿನ ತುಂಡು ಅದೇ ದಿನ ಬಂದವು. ಈಗ ರಾತ್ರಿ ಹನಿಮದ್ದಿಗೆ ಮಾವ ನನ್ನನ್ನು ಕರೆಯುವುದಿಲ್ಲ. ನೋಟಿನ ಅಳತೆಯನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ನಾಳೆ ಅಂಗಡಿಗೆ ತಾನೇ ಹೋಗುತ್ತೇನೆ ಎಂದರು.

ಅಕ್ಷರದ ಗಾತ್ರ ಇಳಿಸಿ ಕಪ್ಪು ಹಿನ್ನೆಲೆ ಮಾಡಿದ ಮೇಲೆ ಶೀರ್ಷಿಕೆಗಳನ್ನು ಕಣ್ಣಿನಿಂದಲೇ ಓದಿ, ಬೇಕಾದ ಸುದ್ದಿಯನ್ನು ‘ಸೆಲೆಕ್ಟ್ ಟು ಸ್ಪೀಕ್’ನಿಂದ ಕೇಳುತ್ತಿದ್ದಾರೆ. ಪತ್ರಿಕೆಯ ಪುಟದ ಚಿತ್ರ ತೆರೆದಾಗ ಅದು ಏನೂ ಓದಲಿಲ್ಲ. ಅದೇ ಪತ್ರಿಕೆಯ ಜಾಲತಾಣದಲ್ಲಿ ಸರಾಗವಾಗಿ ಓದಿತು. ಟಾಕ್‌ಬ್ಯಾಕ್ ಇನ್ನೂ ಆರಂಭಿಸಿಲ್ಲ. ಮಲಯಾಳ ಸಂದೇಶಗಳನ್ನು ಸದ್ಯಕ್ಕೆ ನಾನೇ ಓದುತ್ತಿದ್ದೇನೆ.

ಪ್ರಸಂಗದ ಕೆಲಸ ನಾವು ಎಣಿಸಿದ್ದಕ್ಕಿಂತ ಬೇರೆ ರೀತಿಯಲ್ಲಿ ನಡೆಯುತ್ತಿದೆ. ಡಾಕ್ಸ್‌ನಲ್ಲಿ ಬಂದ ಪಾಠವನ್ನು ಮಗಳು ಗಟ್ಟಿಯಾಗಿ ಓದುತ್ತಾಳೆ. ಪದ್ಯಗಳು ಬಾಯಿಪಾಠವಿರುವುದರಿಂದ ತಪ್ಪಿದಲ್ಲಿ ಮಾವ ನಿಲ್ಲಿಸಿ ಸರಿಯಾದ ಅಕ್ಷರ ಹೇಳುತ್ತಾರೆ, ಅವಳು ತಿದ್ದುತ್ತಾಳೆ. ತನಗಾಗಿ ಅವಳ ಸಮಯ ವ್ಯರ್ಥವಾಗುತ್ತದೆ ಎಂದು ಹೇಳುತ್ತಿದ್ದವರು ಈಗ ಅವಳಿಗೆ ಭಾಮಿನಿ ಷಟ್ಪದಿಯ ಮಾತ್ರೆಗಳನ್ನು ಎಣಿಸಲು ಕಲಿಸುತ್ತಿದ್ದಾರೆ. 12 ಪುಟ ಮುಗಿದಿದೆ.

ಮೇಷ್ಟ್ರಲ್ಲಿ ಒಂದು ಪ್ರಶ್ನೆ ಉಳಿದಿದೆ. ಫೋನಿನ ದನಿ ಪದ್ಯದ ಸಾಲು ಮುಗಿದಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಓಡುತ್ತದೆ. ಅದಕ್ಕೇನಾದರೂ ಉಪಾಯವಿದೆಯೇ?

ಬದಿಯಡ್ಕದ ಮೇಷ್ಟ್ರು

ಇದೆ. ಪ್ರತಿ ಸಾಲಿನ ಕೊನೆಯಲ್ಲಿ ಅಲ್ಪವಿರಾಮವನ್ನೂ ಪದ್ಯದ ಕೊನೆಯಲ್ಲಿ ಪೂರ್ಣವಿರಾಮವನ್ನೂ ಹಾಕಿ, ಅಲ್ಲಿ ದನಿ ನಿಲ್ಲುತ್ತದೆ. ಮಾತಿನ ವೇಗವನ್ನೂ ಸ್ವಲ್ಪ ಇಳಿಸಿ. ಆ 12 ಪುಟಗಳನ್ನು ನನಗೂ ಕಳುಹಿಸಲು ಸಾಧ್ಯವೇ? ನಾನು ಪ್ರಸಂಗಗಳನ್ನು ಆಟದಲ್ಲಿ ಕೇಳಿದ್ದೇನೆ, ಸ್ವತಃ ಓದಿದ್ದಿಲ್ಲ.