ಮದುವೆಗೆ ಐದು ತಿಂಗಳಿದೆ, ಕೈ ಮೇಲಿನ ಟ್ಯಾಟೂ ತೆಗೆಸಬೇಕು. ತೆಗೆಸಿದವರು ಹೇಳಿ

ತುಮಕೂರಿನಿಂದ ಪ್ರಶ್ನೆ:
ಪಿಯುಸಿಯಲ್ಲಿದ್ದಾಗ ಜಾತ್ರೆಯಲ್ಲಿ ಎಡಗೈ ಮಣಿಕಟ್ಟಿನ ಒಳಗಡೆ ಒಂದು ಹೆಸರು ಹಾಕಿಸಿಕೊಂಡೆ. ಕಪ್ಪು ಅಕ್ಷರ, ಪಕ್ಕದಲ್ಲಿ ಪುಟ್ಟ ಕೆಂಪು ಹೃದಯ. ಈಗ ಅದು ಬೇಡ. ಮದುವೆ ನಿಶ್ಚಯ ಆಗಿದೆ, ಐದು ತಿಂಗಳಿದೆ. ಟ್ಯಾಟೂ ತೆಗೆಯುವ ಕ್ರೀಮ್ ಒಂದು ತಂದಿಟ್ಟಿದ್ದೇನೆ. ಪಕ್ಕದ ಮನೆಯವರು ಸುಣ್ಣ, ಸೋಪು ಕಲಸಿ ಹಚ್ಚು, ಹೋಗುತ್ತದೆ ಅನ್ನುತ್ತಾರೆ. ನಿಜಾನಾ? ಲೇಸರ್ ಆದರೆ ಎಷ್ಟು ಸಲ ಹೋಗಬೇಕು? ತುಂಬಾ ನೋವಾಗುತ್ತಾ?

ಕ್ಯಾತ್ಸಂದ್ರದಿಂದ:
ಮೊದಲು ಆ ಸುಣ್ಣದ ಡಬ್ಬಿ ದೂರ ಇಡಮ್ಮಾ. ಕ್ರೀಮೂ ಬೇಡ. ಟ್ಯಾಟೂ ಶಾಯಿ ಇರುವುದು ಚರ್ಮದ ಎರಡನೇ ಪದರದಲ್ಲಿ. ಮೇಲೆ ಹಚ್ಚಿದ್ದು ಅಲ್ಲಿಗೆ ಇಳಿಯಬೇಕಾದರೆ ಮೇಲಿನ ಚರ್ಮ ಸುಟ್ಟೇ ಇಳಿಯಬೇಕು, ಆಮೇಲೆ ಉಳಿಯುವುದು ಕಲೆ.

ನನಗೂ ಮಣಿಕಟ್ಟಿನ ಮೇಲೆಯೇ ಹೆಸರಿತ್ತು. ಮೊದಲು ಒಂದು ಪಾರ್ಲರ್‌ಗೆ ಹೋದೆ. ಮೂರೇ ಸಿಟ್ಟಿಂಗ್, ಪೂರ್ತಿ ಗ್ಯಾರಂಟಿ ಎಂದರು. ಒಂದೇ ಸಲಕ್ಕೆ ದೊಡ್ಡ ಬೊಬ್ಬೆ ಎದ್ದಿತು, ವಾಸಿಯಾದ ಮೇಲೆ ಅಲ್ಲಿ ಬಿಳಿ ಮಚ್ಚೆ ಉಳಿಯಿತು, ಅದು ಬಣ್ಣ ತುಂಬಿಕೊಳ್ಳಲು ಎರಡು ವರ್ಷ ಬೇಕಾಯಿತು. ನಾನು ಎಷ್ಟು ಅತ್ತಿದ್ದೇನೆ ಅಂದರೆ ಹೇಳಕ್ಕಾಗಲ್ಲ. ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು: ಲೇಸರ್ ಬೆಳಕು ಶಾಯಿಯನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ನಮ್ಮ ಮೈಯೇ ವಾರಗಟ್ಟಲೆ ನಿಧಾನಕ್ಕೆ ಸಾಗಿಸುತ್ತದೆ, ಅದಕ್ಕೇ ಒಂದು ಸಿಟ್ಟಿಂಗ್‌ಗೂ ಇನ್ನೊಂದಕ್ಕೂ 6ರಿಂದ 8 ವಾರ ಬಿಡಬೇಕು. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣದ ಅಂಶ ಜಾಸ್ತಿ, ಬೆಳಕನ್ನು ಅದೂ ಹೀರಿಕೊಳ್ಳುತ್ತದೆ. ಕಪ್ಪು ಶಾಯಿಗೆ ಎನ್‌ಡಿ ಯಾಗ್ ಲೇಸರ್‌ನ 1064 ನ್ಯಾನೋಮೀಟರ್ ಬೆಳಕು ನಮಗೆ ಹೆಚ್ಚು ಸುರಕ್ಷಿತ. ಈ ನಂಬರ್ ಕೇಳಿ ನೋಡು. ಮೆಷಿನ್ ಯಾವುದು ಅಂತ ಹೇಳಲು ತಡವರಿಸಿದರೆ ಎದ್ದು ಬಾ.

ನೋವು ಇದೆ, ಇಲ್ಲ ಅನ್ನುವುದಿಲ್ಲ. ಒಗ್ಗರಣೆ ಸಾಸಿವೆ ಸಿಡಿದು ಕೈಗೆ ಮತ್ತೆ ಮತ್ತೆ ಬಿದ್ದ ಹಾಗೆ. ಆದರೆ ಮುಂಚೆ ಮರಗಟ್ಟುವ ಮುಲಾಮು ಹಚ್ಚುತ್ತಾರೆ, ಲೇಸರ್ ಹೊಡೆಯುವುದು ಐದು ನಿಮಿಷವೂ ಇಲ್ಲ. ಅಕ್ಷರ ತಕ್ಷಣ ಬೆಳ್ಳಗೆ ಉಬ್ಬಿ ನಿಲ್ಲುತ್ತದೆ, ಹೆದರಬೇಡ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಸಣ್ಣ ಬೊಬ್ಬೆ ಬಂದರೆ ಒಡೆಯಬೇಡ, ಹಕ್ಕಳೆ ಕೀಳಬೇಡ, ವ್ಯಾಸಲೀನ್ ಹಚ್ಚಿ ಮುಚ್ಚಿಡು, ವಾಸಿಯಾದ ಮೇಲೆ ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚು.

ನನಗೆ ಏಳು ಸಿಟ್ಟಿಂಗ್ ಆಯಿತು, ವರ್ಷ ದಾಟಿತು. ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆಗೆ ವಾಪಸ್ ಬರುತ್ತಿದ್ದೆ. ಸಲಕ್ಕೆ 3,500 ರೂಪಾಯಿ ಕೊಟ್ಟೆ. ಕೈಕಾಲಿನ ತುದಿಗೆ ಹೋದಷ್ಟೂ ಶಾಯಿ ಹೋಗುವುದು ನಿಧಾನವಂತೆ. ಆದ್ದರಿಂದ ಐದು ತಿಂಗಳಲ್ಲಿ ಪೂರ್ತಿ ಹೋಗುತ್ತದೆ ಅಂದುಕೊಳ್ಳಬೇಡ. ಎರಡು, ಬಹಳ ಅಂದರೆ ಮೂರು ಸಿಟ್ಟಿಂಗ್ ಸಿಗುತ್ತದೆ, ಮಸುಕಾಗುತ್ತದೆ ಅಷ್ಟೆ. ಬಳೆ ಶಾಸ್ತ್ರದ ದಿನ ಹಸಿ ಚರ್ಮದ ಮೇಲೆ ಎರಡು ಡಜನ್ ಗಾಜಿನ ಬಳೆ ಉಜ್ಜುವುದು ಬೇಡ, ಕೊನೆಯದನ್ನು ಒಂದೂವರೆ ತಿಂಗಳು ಮುಂಚೆಯೇ ಮುಗಿಸಿಕೋ. ಉಳಿದದ್ದು ಮದುವೆ ಆದ ಮೇಲೆ ಮಾಡಿಸು. ಬಸುರಿ ಇದ್ದಾಗ ಸಾಮಾನ್ಯವಾಗಿ ಮಾಡುವುದಿಲ್ಲ, ಅದೂ ಲೆಕ್ಕದಲ್ಲಿರಲಿ.

ನಮ್ಮಜ್ಜಿ ಕೈ ತುಂಬ ಹಚ್ಚೆ ಇತ್ತು, ಕೊರವಂಜಿ ದೀಪದ ಮಸಿಯಲ್ಲಿ ಚುಚ್ಚಿದ್ದು. ಅಂಥ ಕೈಯಲ್ಲಿ ಚುಚ್ಚಿದ ಮಸಿ ಕಡಿಮೆ ಸಿಟ್ಟಿಂಗ್‌ಗೇ ಹೋಗುತ್ತದಂತೆ, ಮೆಷಿನ್ ಟ್ಯಾಟೂಗೆ ಶಾಯಿ ಜಾಸ್ತಿ, ಅದೇ ಕಷ್ಟ. ಅಜ್ಜಿಗಂತೂ ತೆಗೆಸುವ ಯೋಚನೆಯೇ ಇರಲಿಲ್ಲ, ಸತ್ತಾಗ ಜೊತೆಗೆ ಬರುವುದು ಇದೊಂದೇ ಅನ್ನುತ್ತಿದ್ದರು.

ಗುಬ್ಬಿಯಿಂದ:
ಸುಣ್ಣದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೇನಾ ಭರ್ತಿಗೆ ಓಡಾಡುತ್ತಿದ್ದ ಕಾಲ, ಮುಂಗೈ ಒಳಗೆ ದೇವರ ಹೆಸರಿತ್ತು. ಹಚ್ಚೆ ಇದ್ದರೆ ಹೊರಗೆ ಹಾಕುತ್ತಾರೆ ಎಂದು ಯಾರೋ ಹೇಳಿದರು. ಸುಣ್ಣ, ವಾಷಿಂಗ್ ಸೋಡಾ ಕಲಸಿ ರಾತ್ರಿಯೆಲ್ಲ ಕಟ್ಟಿಕೊಂಡೆ. ಬೆಳಿಗ್ಗೆ ಬಟ್ಟೆ ಜೊತೆ ಚರ್ಮ ಬಂತು. ಕೀವು ತುಂಬಿ ಆ ಸಲದ ಭರ್ತಿಗೆ ಹೋಗಲೇ ಆಗಲಿಲ್ಲ. ಈಗ ಅಲ್ಲಿ ಹಗ್ಗದ ಹಾಗೆ ದಪ್ಪ ಗಾಯದ ಗುರುತಿದೆ, ಚಳಿಗಾಲದಲ್ಲಿ ನವೆ. ಆಮೇಲೆ ತಿಳಿಯಿತು, ಮೊಣಕೈ ಒಳಗಿನಿಂದ ಮಣಿಕಟ್ಟಿನ ತನಕ, ಮತ್ತೆ ಅಂಗೈ ಹಿಂಬದಿ ಇರುವ ಹಚ್ಚೆಗೆ ಸೇನೆಯಲ್ಲಿ ಅವಕಾಶ ಇದೆ ಅಂತ. ನನ್ನದನ್ನು ತೆಗೆಯುವ ಅಗತ್ಯವೇ ಇರಲಿಲ್ಲ. ತಂಗಿ, ಗಾಯ ಗಂಟುಕಟ್ಟುವ ಮೈ ನಿನ್ನದಾದರೆ ಡಾಕ್ಟರ್‌ಗೆ ಮೊದಲೇ ಹೇಳು.

ಶಿರಾದಿಂದ:
ನನ್ನದು ಭುಜದ ಮೇಲೆ ಒಂದೇ ಅಕ್ಷರ, ಕತ್ತರಿಸಿ ಹೊಲಿಗೆ ಹಾಕಿದರು. ಒಂದೇ ದಿನದ ಕೆಲಸ, ಆದರೆ ಗೆರೆ ಉಳಿದಿದೆ. ಮಣಿಕಟ್ಟಿನಲ್ಲಿ ಸಡಿಲ ಚರ್ಮ ಇಲ್ಲ, ನಿಮಗೆ ಅದು ಆಗಲಿಕ್ಕಿಲ್ಲ. ಎರಡು ಸಲ ಲೇಸರ್‌ನಲ್ಲಿ ಮಸುಕು ಮಾಡಿಸಿ, ಮೇಲೆ ಹೂವಿನ ಬಳ್ಳಿ ಹಾಕಿಸಿಕೊಳ್ಳುವುದೂ ಒಂದು ದಾರಿ. ಹಳೆಯದನ್ನು ಮುಚ್ಚಲು ಹೊಸದು ಅದಕ್ಕಿಂತ ದೊಡ್ಡದು, ದಟ್ಟದ್ದು ಆಗಬೇಕು ಎನ್ನುವುದು ನೆನಪಿರಲಿ. ಇನ್ನೊಂದು ಮಾತು, ಮುಚ್ಚಲು ಅಂತ ಕಪ್ಪು ಮೆಹಂದಿ ಹಾಕಿಸಬೇಡಿ. ಅದರಲ್ಲಿ ಕೂದಲ ಡೈಯ ರಾಸಾಯನಿಕ ಸೇರಿಸಿರುತ್ತಾರೆ, ಕೆಲವರಿಗೆ ಬೊಬ್ಬೆ ಬರುತ್ತದೆ. ಬರೀ ಗೋರಂಟಿ ಸೊಪ್ಪು ಅರೆದು ಹಚ್ಚಿ, ಅದೂ ಚರ್ಮ ಪೂರ್ತಿ ವಾಸಿಯಾಗಿದ್ದರೆ ಮಾತ್ರ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಓದಿ ಕೈ ನಡುಗಿತು, ಸುಣ್ಣ ಇವತ್ತೇ ಹಚ್ಚುವುದರಲ್ಲಿದ್ದೆ. ಕ್ರೀಮ್ ಕಸಕ್ಕೆ ಹಾಕಿದೆ. ನಾಳೆ ಜಿಲ್ಲಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ತೋರಿಸಿ, ಲೇಸರ್ ಎಲ್ಲಿ ಮಾಡಿಸಬಹುದು ಅಂತ ಕೇಳುತ್ತೇನೆ. ಆ ಕೆಂಪು ಹೃದಯಕ್ಕೂ ಅದೇ ಲೇಸರ್ ಸಾಕಾ, ಅಕ್ಕ?

ಕ್ಯಾತ್ಸಂದ್ರದಿಂದ:
ಇಲ್ಲ, ಕೆಂಪಿಗೆ 532 ನ್ಯಾನೋಮೀಟರ್ ಬೆಳಕು ಬೇಕು. ನಮ್ಮ ಬಣ್ಣದವರಿಗೆ ಅದರಲ್ಲೇ ಬಿಳಿ ಮಚ್ಚೆಯ ಭಯ ಜಾಸ್ತಿ, ಮೊದಲು ಒಂದು ಚುಕ್ಕಿಯಷ್ಟು ಜಾಗಕ್ಕೆ ಹೊಡೆದು ನೋಡಲು ಹೇಳು. ಮದುವೆ ತನಕ ಹೆಸರು ಮಾತ್ರ ಮಸುಕು ಮಾಡಿಸಿ, ಹೃದಯ ಆಮೇಲೆ ನೋಡಿಕೊಳ್ಳಬಹುದು, ಬರೀ ಹೃದಯ ಇದ್ದರೆ ಯಾರೇನು ಕೇಳುತ್ತಾರೆ? ಹುಡುಗನಿಗೆ ಇನ್ನೂ ಹೇಳಿಲ್ಲದಿದ್ದರೆ ಹೇಳಿಬಿಡು. ನಾನು ಹೇಳಿದ್ದೆ, ಮೂರನೇ ಸಿಟ್ಟಿಂಗ್‌ನಿಂದ ಅವರೇ ಜೊತೆಗೆ ಬಂದರು. ಮತ್ತೆ ಪ್ರತಿ ಸಿಟ್ಟಿಂಗ್‌ಗೆ ಮುಂಚೆ ಕಿಟಕಿ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡು. ದಿನಾ ನೋಡುವ ಕೈ, ಮಾಸಿದ್ದು ಗೊತ್ತೇ ಆಗುವುದಿಲ್ಲ.